ಓಡುವ ಚುಕ್ಕೆ: ಗುಜರಿ ಸಾಮಾನಿನಲ್ಲಿ ಕಟ್ಟಿದ ಫೈಬರ್ ಲೇಸರ್

ದಾವಣಗೆರೆ ಚೌಕಿಪೇಟೆಯ ಪಾತ್ರೆ ಅಂಗಡಿಯೊಂದರ ಮಾರ್ಕಿಂಗ್ ಮೆಷಿನ್ ಸತ್ತು ನನ್ನ ರಿಪೇರಿ ಟೇಬಲ್ಲಿಗೆ ಬಂತು. 20 ವ್ಯಾಟ್‌ನ ಫೈಬರ್ ಲೇಸರ್. ಮದುವೆ ಸೀಸನ್‌ನಲ್ಲಿ ಸ್ಟೀಲ್ ಕೊಡ, ತಟ್ಟೆ, ಲೋಟಗಳ ಮೇಲೆ ಹೆಸರು ಬರೆದು ಬರೆದು ದುಡಿದ ಯಂತ್ರ. ಬಿಚ್ಚಿ ನೋಡಿದರೆ ಕಂಟ್ರೋಲ್ ಬೋರ್ಡ್ ಸುಟ್ಟಿತ್ತು. ತುದಿಯ ಹೆಡ್‌ನಲ್ಲಿದ್ದ ಐಸೊಲೇಟರ್ (ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಕೂಡ ಕಪ್ಪಾಗಿತ್ತು. ಎರಡನ್ನೂ ಹಾಕಿಸುವ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಹೊಸ ಲೇಸರ್ ಸೋರ್ಸೇ ಬರುತ್ತದೆ. "ಗುಜರಿಗೆ ಹಾಕ್ರಿ, ಇಲ್ಲಾಂದ್ರ ನೀವೇ ಇಟ್ಕೊಳ್ರಿ" ಅಂದರು ಸಾಹುಕಾರರು. ಇಟ್ಟುಕೊಂಡೆ.

ಒಳಗೆ ಜೀವ ಇರುವ ಸಾಮಾನು ಬೇಕಾದಷ್ಟಿತ್ತು. ಫೈಬರ್‌ಗೆ ಬೆಳಕಿನ ರೂಪದಲ್ಲಿ ಶಕ್ತಿ ತುಂಬುವ 915 ನ್ಯಾನೋಮೀಟರ್‌ನ ಪಂಪ್ ಡಯೋಡ್‌ಗಳು, ಪಂಪ್ ಬೆಳಕನ್ನು ಫೈಬರ್‌ಗೆ ಸೇರಿಸುವ ಕಂಬೈನರ್, ಇಟರ್ಬಿಯಮ್ ಅನ್ನುವ ಧಾತು ಬೆರೆಸಿದ 10/130 (ಒಳತಿರುಳು 10 ಮೈಕ್ರಾನ್, ಹೊರಗಾಜು 130 ಮೈಕ್ರಾನ್) ಫೈಬರ್ ಸುರುಳಿ. ಕನ್ನಡಿಯ ಕೆಲಸ ಮಾಡುವ ಬ್ರ್ಯಾಗ್ ಗ್ರೇಟಿಂಗ್‌ಗಳೂ ಚೆನ್ನಾಗಿದ್ದವು. ಅವು ಮುಂದೆ ಯಾರದ್ದಾದರೂ ರಿಪೇರಿಗೆ ಆಗುತ್ತವೆ ಅಂತ ಬೇರೆ ಡಬ್ಬಿಗೆ ಹಾಕಿದೆ. ಉಳಿದದ್ದರಲ್ಲಿ ಒಂದು ಸಣ್ಣ, ಸ್ಥಿರವಾಗಿ ಉರಿಯುವ ಲೇಸರ್ ಕಟ್ಟಿಕೊಂಡರೆ ಲೆನ್ಸ್, ಪವರ್ ಮೀಟರ್, ಗಾಗಲ್ಸ್ ಚೆಕ್ ಮಾಡಲು ಅನುಕೂಲ ಅನ್ನುವುದು ಲೆಕ್ಕಾಚಾರ. ಉರಿಯಿತು, ಆದರೆ ಸ್ಥಿರವಾಗಿ ಅಲ್ಲ. ಆ ಅಸ್ಥಿರತೆಯ ಬೆನ್ನು ಹತ್ತಿದ ಕಥೆ ಇದು.

ಮೊದಲು ಜೋಪಾನದ ಮಾತು. ಪಂಪ್ ಬೆಳಕೂ ಕಾಣುವುದಿಲ್ಲ, ಲೇಸರ್ ಬೆಳಕೂ ಕಾಣುವುದಿಲ್ಲ. ಕಾಣದ ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದಿಲ್ಲ, ರೆಟಿನಾ ಸುಟ್ಟ ಮೇಲೆಯೇ ಗೊತ್ತಾಗುವುದು. 900ರಿಂದ 1100 ನ್ಯಾನೋಮೀಟರ್‌ವರೆಗೆ ತಡೆಯುವ ಗಾಗಲ್ಸ್ ಇಲ್ಲದೆ ಇದನ್ನು ಆನ್ ಮಾಡಲೇಬಾರದು. ವಾಚು, ಉಂಗುರ ತೆಗೆದಿಡಬೇಕು. ಕಿರಣ ಕೊನೆಗೆ ಹೋಗಿ ಬೀಳಲು ಕಪ್ಪು ಅನೋಡೈಸ್ ಮಾಡಿದ ದೊಡ್ಡ ಹೀಟ್‌ಸಿಂಕ್ ಇಟ್ಟಿದ್ದೆ. ಅಂಗಡಿ ಬಾಗಿಲಿಗೆ ಒಳಗಿನಿಂದ ಚಿಲಕ.

ಕಟ್ಟಿದ ಬಗೆ

ಲೇಸರ್ ಅಂದರೆ ಬೆಳಕನ್ನು ಬಲಪಡಿಸುವ ಒಂದು ಮಾಧ್ಯಮ, ಅದರ ಎರಡು ತುದಿಗೆ ಎರಡು ಕನ್ನಡಿ. ಇಲ್ಲಿ ಮಾಧ್ಯಮ ಇಟರ್ಬಿಯಮ್ ಫೈಬರ್. ಒಂದು ತುದಿಯ ಕನ್ನಡಿ ಅಂದರೆ ನೇರವಾಗಿ ಕತ್ತರಿಸಿದ ಫೈಬರ್‌ನ ಮುಖವೇ. ಗಾಜಿನಿಂದ ಗಾಳಿಗೆ ಹೋಗುವಾಗ ಶೇಕಡಾ ಮೂರೂವರೆಯಷ್ಟು ಬೆಳಕು ತಾನಾಗಿ ವಾಪಸ್ ಬರುತ್ತದೆ. ಫೈಬರ್ ಲೇಸರ್‌ಗೆ ಅಷ್ಟು ಸಾಕು. ಉಳಿದದ್ದು ಹೊರಗೆ ಬರುವ ಕಿರಣ.

ಇನ್ನೊಂದು ತುದಿಗೆ ಚಿನ್ನದ ಲೇಪನದ ಕನ್ನಡಿ ಹಾಕಿದೆ. ಅಕ್ರಿಲಿಕ್ ಬೋರ್ಡ್ ಕತ್ತರಿಸುವ ಸಿಒಟು ಲೇಸರ್ ಮೆಷಿನ್‌ನಲ್ಲಿ ಇರುತ್ತದಲ್ಲ, ಅದೇ. ಅಂಚಿನಲ್ಲಿ ಗೀರು ಬಿದ್ದು ತೆಗೆದಿಟ್ಟಿದ್ದೆ, ನಡುಭಾಗ ಚೊಕ್ಕವಾಗಿತ್ತು. ಇಟರ್ಬಿಯಮ್ ಕೊಡುವ 1 ಮೈಕ್ರಾನ್ (1000 ನ್ಯಾನೋಮೀಟರ್) ಸುತ್ತಮುತ್ತಲಿನ ಬೆಳಕನ್ನು ಚಿನ್ನ ಚೆನ್ನಾಗಿಯೇ ವಾಪಸ್ ಕಳಿಸುತ್ತದೆ. ಫೈಬರ್ ತುದಿಗೂ ಕನ್ನಡಿಗೂ ನಡುವೆ ಸತ್ತ ಹೆಡ್‌ನಿಂದ ತೆಗೆದ ಲೆನ್ಸ್. ಈ ಕಡೆಯ ಫೈಬರ್ ಮುಖವನ್ನು ಓರೆಯಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಅದೂ ಒಂದು ಕನ್ನಡಿಯಾಗಿ ತಲೆನೋವು ಕೊಡುತ್ತದೆ. ಓರೆ ಕತ್ತರಿಸುವ ಕ್ಲೀವರ್ ನನ್ನ ಹತ್ತಿರ ಇಲ್ಲ. ಫೈಬರ್ ಅನ್ನು ಸ್ವಲ್ಪ ತಿರುಚಿ ಹಿಡಿದು ಮಾಮೂಲಿ ಕ್ಲೀವರ್‌ನಲ್ಲಿ ಕತ್ತರಿಸಿದರೆ ಮುಖ ಓರೆಯಾಗುತ್ತದೆ. ಸರಿಯಾಗಿ ಆಗಿದೆಯಾ ಅಂತ ನೋಡುವುದು ಸುಲಭ: ಚಿನ್ನದ ಕನ್ನಡಿಗೆ ಕಪ್ಪು ಕಾಗದ ಅಡ್ಡ ಇಟ್ಟು ಪಂಪ್ ಏರಿಸಬೇಕು. ಲೇಸರ್ ಹುಟ್ಟದಿದ್ದರೆ ಓರೆ ಸರಿ ಇದೆ.

ಸ್ಪ್ಲೈಸ್ ಮಾಡಲು, ಅಂದರೆ ಫೈಬರ್ ತುದಿಗಳನ್ನು ಬೆಸೆಯಲು, ನಮ್ಮ ಏರಿಯಾದ ಇಂಟರ್ನೆಟ್ ಕೇಬಲ್ ಹುಡುಗನನ್ನು ಹಿಡಿದೆ. ಅವನ ಮೆಷಿನ್ 125 ಮೈಕ್ರಾನ್ ಫೈಬರ್‌ಗೆ ಮಾಡಿದ್ದು. ನಮ್ಮದು 130. ಕೂರುತ್ತದೆ, ಆದರೆ ಆಟೋ ಮೋಡ್ ಬಿಟ್ಟು ಬೆಸೆಯುವ ಕಿಡಿಯನ್ನು (ಆರ್ಕ್) ಕೈಯಲ್ಲೇ ಹೊಂದಿಸಬೇಕು. "ಅಣ್ಣ, ಇದು ಬಿಎಸ್‌ಎನ್‌ಎಲ್ ಫೈಬರ್ ಅಲ್ಲ ಅಲ್ವಾ?" ಅಂತ ಅನುಮಾನದಲ್ಲೇ ಮಾಡಿಕೊಟ್ಟ. ಅವನ ಹತ್ತಿರ ಕೇಬಲ್ ತುಂಡಾದ ಜಾಗ ಹುಡುಕುವ ಕೆಂಪು ಬೆಳಕಿನ ಪೆನ್ ಇತ್ತು. ಅಲೈನ್‌ಮೆಂಟ್‌ಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹೊರತುದಿಯಿಂದ ಕೆಂಪು ಬೆಳಕು ಬಿಟ್ಟರೆ ಅದು ಫೈಬರ್ ಪೂರ್ತಿ ಹಾದು ಲೆನ್ಸ್ ದಾಟಿ ಚಿನ್ನದ ಕನ್ನಡಿಗೆ ಬೀಳುತ್ತದೆ. ವಾಪಸ್ ಬಂದ ಕೆಂಪು ಚುಕ್ಕೆ ಫೈಬರ್ ತುದಿಯ ಮೇಲೆಯೇ ಕೂರುವ ಹಾಗೆ ಸ್ಕ್ರೂ ತಿರುಗಿಸುತ್ತಾ ಹೋದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಕೆಂಪಿಗೂ 1 ಮೈಕ್ರಾನ್ ಬೆಳಕಿಗೂ ಲೆನ್ಸ್‌ನ ಫೋಕಸ್ ಬೇರೆ ಬೇರೆ. ಹಾಗಾಗಿ ಕೊನೆಯ ಕಾಲು ಭಾಗವನ್ನು ಪಂಪ್ ಹಾಕಿ ಪವರ್ ಮೀಟರ್ ನೋಡಿಕೊಂಡೇ ಮಾಡಬೇಕು.

ಹೊರತುದಿಗೆ ಮೊದಲು ಒಂದು ಗೇಣು ಉದ್ದ ಫೈಬರ್‌ನ ಕೋಟಿಂಗ್ ತೆಗೆದು ದಪ್ಪ ಜೆಲ್ ಮೆತ್ತಿದ್ದೇನೆ. ಉಳಿದುಹೋದ ಪಂಪ್ ಬೆಳಕು ಅಲ್ಲಿ ಸೋರಿ ಹೋಗುತ್ತದೆ. ಇಲ್ಲದಿದ್ದರೆ ಬೆಳಕು ಅಳೆಯುವ ಫೋಟೋಡಯೋಡ್ ಪಂಪ್, ಲೇಸರ್ ಎರಡನ್ನೂ ಸೇರಿಸಿ ನೋಡುತ್ತದೆ.

ಇಟರ್ಬಿಯಮ್ ಫೈಬರ್ 8 ಮೀಟರ್, ಬರೀ ಫೈಬರ್ 4 ಮೀಟರ್. ಒಟ್ಟು 12 ಮೀಟರ್ ಉದ್ದದ ಕ್ಯಾವಿಟಿ, ಅಂದರೆ ಎರಡು ಕನ್ನಡಿಗಳ ನಡುವಿನ ದಾರಿ. ಈ 12 ನೆನಪಿರಲಿ, ಮುಂದೆ ಬೇಕಾಗುತ್ತದೆ.

ತೊಂದರೆ ಶುರು

ಪಂಪ್ 3 ವ್ಯಾಟ್ ಒಳಗೇ ಇಟ್ಟಿದ್ದೆ. ಪವರ್ ಮೀಟರ್ ಮುಳ್ಳು ಒಂದು ಕಡೆ ನಿಂತಿತ್ತು, ನೋಡಿದರೆ ಎಲ್ಲ ಸರಿ. ಸುಮ್ನೆ ಇರಲಿ ಅಂತ ಬಿಪಿಡಬ್ಲ್ಯು34 ಫೋಟೋಡಯೋಡ್‌ಗೆ 9 ವೋಲ್ಟ್ ಬ್ಯಾಟರಿ, 1 ಕಿಲೋ ಓಮ್ ರೆಸಿಸ್ಟರ್ ಹಾಕಿ ಆಸಿಲೋಸ್ಕೋಪ್‌ಗೆ ಕೊಟ್ಟೆ. ನೇರ ಗೆರೆ ಬರಬೇಕಿತ್ತು. ಬಂದದ್ದು ಸಾಲು ಸಾಲು ಪಲ್ಸ್. ಒಂದೊಂದು ಕೆಲವು ಮೈಕ್ರೋಸೆಕೆಂಡ್ ಅಗಲ, ಸೆಕೆಂಡಿಗೆ ಸುಮಾರು 40,000. ಪವರ್ ಮೀಟರ್ ನಿಧಾನದ ಪ್ರಾಣಿ, ಅದು ಸರಾಸರಿ ಮಾತ್ರ ತೋರಿಸುತ್ತಿತ್ತು.

ರಿಪೇರಿ ಮಾಡುವವನ ಮೊದಲ ಅನುಮಾನ ಯಾವಾಗಲೂ ಪವರ್ ಸಪ್ಲೈ ಮೇಲೆ. ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಕೂಡ ಹತ್ತಾರು ಕಿಲೋಹರ್ಟ್ಸ್‌ನಲ್ಲೇ ಸ್ವಿಚ್ ಆಗುತ್ತದೆ, ಅದರ ಏರಿಳಿತ (ರಿಪಲ್) ಪಂಪ್ ಡಯೋಡ್‌ಗೆ ಹೋಗಿರಬಹುದಲ್ಲ. ಎಸ್‌ಎಂಪಿಎಸ್ ತೆಗೆದು ಕಾರ್ ಬ್ಯಾಟರಿ ಇಟ್ಟೆ. ದೊಡ್ಡ ಹೀಟ್‌ಸಿಂಕ್ ಮೇಲೆ ಟ್ರಾನ್ಸಿಸ್ಟರ್ ಕೂರಿಸಿ ಲೀನಿಯರ್ ಆಗಿ, ಅಂದರೆ ಸ್ವಿಚಿಂಗ್ ಇಲ್ಲದೆ, ಕರೆಂಟ್ ಕೊಟ್ಟೆ. ಪಂಪ್ ಬೆಳಕನ್ನೇ ನೇರವಾಗಿ ಫೋಟೋಡಯೋಡ್‌ಗೆ ತೋರಿಸಿದರೆ ಸ್ಕೋಪ್‌ನಲ್ಲಿ ನೇರ ಗೆರೆ. ಲೇಸರ್ ಬೆಳಕಿನಲ್ಲಿ ಮಾತ್ರ ಪಲ್ಸ್ ಹಾಗೇ ಇತ್ತು. ಫ್ಯಾನ್ ಗಾಳಿಗೆ ಕನ್ನಡಿ ಅಲುಗಿದರೆ ಹತ್ತಾರು ಹರ್ಟ್ಸ್‌ನಲ್ಲಿ ಅಲುಗೀತು, 40,000 ಸಲ ಅಲುಗುವ ಕನ್ನಡಿ ಮೌಂಟ್ ಇಲ್ಲ. ಪಂಪ್ ಏರಿಸಿದರೆ ಪಲ್ಸ್ ಬೇಗ ಬೇಗ ಬರುತ್ತಿತ್ತು, ಇಳಿಸಿದರೆ ನಿಧಾನ. ಅಂದರೆ ತಾಳ ಲೇಸರ್‌ನ ಒಳಗಿನದ್ದೇ.

ಇಂಥ ಹೊತ್ತಿನಲ್ಲಿ ಅಕ್ಕನ ಮಗ ಚಿತ್ರದುರ್ಗದಿಂದ ಬಂದ. ಅಲ್ಲಿ ಬಿ.ಎಸ್ಸಿ. ಓದುತ್ತಿದ್ದಾನೆ, ಫಿಸಿಕ್ಸ್ ಅಂದರೆ ಪ್ರಾಣ. ಸ್ಕೋಪ್ ನೋಡಿದ. "ಮಾಮ, ಬೆಳಕು ಎಷ್ಟು ಬರ್ತಿದೆ ಅಂತ ನೋಡಿದಿರಿ. ಯಾವ ಬಣ್ಣದ್ದು ಬರ್ತಿದೆ ಅಂತ ನೋಡಿದಿರಾ?" ಅಂದ. ಕಾಣದ ಬೆಳಕಿಗೆ ಎಂಥ ಬಣ್ಣ ಅಂತ ರೇಗಿಸಿದೆ. ಆದರೆ ಕೇಳಿದ್ದು ಸರಿಯಾದ ಪ್ರಶ್ನೆ. ಬಣ್ಣ ಅಂದರೆ ಇಲ್ಲಿ ತರಂಗಾಂತರ. ಅದನ್ನು ಅಳೆಯುವ ಸ್ಪೆಕ್ಟ್ರಮ್ ಅನಲೈಸರ್‌ಗೆ ಲಕ್ಷಗಟ್ಟಲೆ ದುಡ್ಡು.

ಸಿ.ಡಿ., ಚಾಳೀಸು, ಗ್ರಾಫ್ ಹಾಳೆ

ಹಳೇ ಸಿ.ಡಿ.ಯ ಗೆರೆಗಳ ನಡುವೆ 1.6 ಮೈಕ್ರಾನ್ ಅಂತರ. ಅದೇ ಒಳ್ಳೆಯ ಗ್ರೇಟಿಂಗ್, ಅಂದರೆ ಬೆಳಕನ್ನು ತರಂಗಾಂತರಕ್ಕೆ ತಕ್ಕ ಕೋನದಲ್ಲಿ ಕಳಿಸುವ ಗೆರೆಸಾಲು. ಹೊರ ಅಂಚಿನ ಹತ್ತಿರದ ಒಂದು ಸಣ್ಣ ತುಂಡನ್ನು ಬಳಸಿದೆವು, ಅಲ್ಲಿ ಗೆರೆಗಳ ಬಾಗು ಕಡಿಮೆ. 1070 ನ್ಯಾನೋಮೀಟರ್ ಬೆಳಕು ನೇರವಾಗಿ ಬಿದ್ದರೆ ಸುಮಾರು 42 ಡಿಗ್ರಿ ಕೋನದಲ್ಲಿ ಚದುರಿ ಹೋಗುತ್ತದೆ. ತರಂಗಾಂತರ 1 ನ್ಯಾನೋಮೀಟರ್ ಬದಲಾದರೆ 1 ಮೀಟರ್ ದೂರದಲ್ಲಿ ಚುಕ್ಕೆ 0.84 ಮಿಲಿಮೀಟರ್ ಸರಿಯುತ್ತದೆ. ಗ್ರಾಫ್ ಹಾಳೆಯ ಒಂದು ಸಣ್ಣ ಚೌಕಕ್ಕಿಂತ ಚೂರು ಕಡಿಮೆ. ಕಣ್ಣಳತೆಗೆ ಸಿಗುವ ದೂರವೇ.

1 ಮೀಟರ್‌ನಲ್ಲಿ ಚುಕ್ಕೆ ಚಿಕ್ಕದಾಗಿ ಬೀಳಬೇಕಲ್ಲ. ಅದಕ್ಕೆ 1 ಮೀಟರ್ ಫೋಕಸ್ ಇರುವ ಲೆನ್ಸ್ ಬೇಕು. ಅಶೋಕ ರಸ್ತೆಯ ಫುಟ್‌ಪಾತ್‌ನಲ್ಲಿ ಮಾರುವ ಚಾಳೀಸು ಕನ್ನಡಕ, ಪ್ಲಸ್ ಒಂದು ಪವರ್. ಪ್ಲಸ್ ಒಂದು ಅಂದರೆ ಫೋಕಸ್ 1 ಮೀಟರ್ ಅಂತಲೇ ಅರ್ಥ. ಒಂದು ಗಾಜು ಬಿಚ್ಚಿಕೊಂಡೆವು. ಇನ್ನೊಂದು ಹಾಗೇ ಉಳಿದಿದೆ, ಒಕ್ಕಣ್ಣಿನವರು ಯಾರಾದರೂ ಬೇಕಾದರೆ ಕೇಳಲಿ.

ಪೂರ್ತಿ ಕಿರಣವನ್ನು ಸಿ.ಡಿ. ಮೇಲೆ ಬಿಟ್ಟರೆ ಅಲ್ಯೂಮಿನಿಯಂ ಪದರ ಸುಟ್ಟು ಹೋಗುತ್ತದೆ. ದಾರಿಯಲ್ಲಿ ಒಂದು ಗಾಜಿನ ಪಟ್ಟಿ ಓರೆ ಇಟ್ಟು, ಅದರಿಂದ ಚಿಮ್ಮಿದ ಸ್ವಲ್ಪ ಬೆಳಕನ್ನು ಮಾತ್ರ ಸಿ.ಡಿ.ಗೆ ಕಳಿಸಿದೆ. ಉಳಿದದ್ದು ಹೀಟ್‌ಸಿಂಕ್‌ಗೆ. ಹಾಳೆ ನೋಡಲು ಹಳೇ ವೆಬ್‌ಕ್ಯಾಮ್. ಅದರ ಲೆನ್ಸ್ ಹಿಂದೆ ಅಂಟಿಸಿರುವ, ಓರೆಯಾಗಿ ಹಿಡಿದರೆ ಕೆಂಪಗೆ ಹೊಳೆಯುವ ಸಣ್ಣ ಗಾಜೇ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್. ಅದನ್ನು ಎಬ್ಬಿ ತೆಗೆದೆ. ಸಿಲಿಕಾನ್ ಸೆನ್ಸರ್‌ಗೆ 1 ಮೈಕ್ರಾನ್ ಬೆಳಕು ಮಂಕಾಗಿ ಕಾಣುತ್ತದೆ, ಕತ್ತಲಲ್ಲಿ ಅಷ್ಟು ಸಾಕು.

ಶಟರ್ ಎಳೆದು ಲೈಟ್ ಆರಿಸಿ ಪಂಪ್ ಹಾಕಿದೆವು. ಲ್ಯಾಪ್‌ಟಾಪ್ ಪರದೆಯಲ್ಲಿ ಗ್ರಾಫ್ ಹಾಳೆ, ಅದರ ಮೇಲೆ ಬಿಳಿ ಚುಕ್ಕೆ. ಚುಕ್ಕೆ ನಿಂತಿರಲಿಲ್ಲ. ಉದ್ದ ತರಂಗದ ಕಡೆಗೆ ಒಂದೇ ವೇಗದಲ್ಲಿ ಜಾರುತ್ತಿತ್ತು. ಏಳು ಚೌಕ ದಾಟಿತು, ಪಕ್ಕನೆ ಮಾಯವಾಗಿ ಶುರುವಾದ ಜಾಗದಲ್ಲಿ ಮತ್ತೆ ಕಾಣಿಸಿತು. ಮತ್ತೆ ಅದೇ ಓಟ. ಸುಮಾರು 6 ಸೆಕೆಂಡಿಗೊಮ್ಮೆ. ಯಾವ ಮೋಟಾರೂ ಇಲ್ಲ, ತಿರುಗುವ ಗ್ರೇಟಿಂಗೂ ಇಲ್ಲ, ಯಾರೂ ಕೈ ಹಾಕಿಲ್ಲ. ತರಂಗಾಂತರ ತನ್ನಷ್ಟಕ್ಕೆ 8 ನ್ಯಾನೋಮೀಟರ್‌ನಷ್ಟು ಓಡಿ ವಾಪಸ್ ನೆಗೆಯುತ್ತಿದೆ.

ಬಿಸಿಯಿಂದ ಆಗಿರಬಹುದಾ? ಕನ್ನಡಿ ಜಾಗದಲ್ಲಿ ಬ್ರ್ಯಾಗ್ ಗ್ರೇಟಿಂಗ್ ಇದ್ದಿದ್ದರೂ 1 ಡಿಗ್ರಿ ಬಿಸಿಗೆ ಹೆಚ್ಚೆಂದರೆ 0.01 ನ್ಯಾನೋಮೀಟರ್ ಸರಿಯುತ್ತಿತ್ತು. 8 ನ್ಯಾನೋಮೀಟರ್‌ಗೆ ನೂರಾರು ಡಿಗ್ರಿ ಬೇಕು. ನಮ್ಮೂರ ಏಪ್ರಿಲ್ ಬಿಸಿಲಿಗೂ ಅಷ್ಟು ತಾಕತ್ತಿಲ್ಲ. ಅಲ್ಲದೆ ಬಿಸಿಯಾದದ್ದು 6 ಸೆಕೆಂಡಿಗೊಮ್ಮೆ ತಣ್ಣಗಾಗಿ ವಾಪಸ್ ಬರುವುದಿಲ್ಲ.

ಎರಡು ಕಾಯಿಲೆ, ಒಂದೇ ಬೇರು

ಇಲ್ಲಿಯವರೆಗೆ ನನ್ನ ಪಟ್ಟಿಯಲ್ಲಿ ಎರಡು ದೋಷ ಇದ್ದವು: ಪಲ್ಸ್ ಆಗುವುದು, ತರಂಗಾಂತರ ಜಾರುವುದು. ಎರಡೂ ಒಂದೇ ಅಂತ ತೋರಿಸಿದ್ದು ಒಂದು ಗುಣಾಕಾರ.

ಎರಡು ಕನ್ನಡಿಗಳ ನಡುವೆ ಬೆಳಕು ಹೋಗುತ್ತಾ ಬರುತ್ತಾ ಇದ್ದರೆ ನಿಂತ ಅಲೆ ಏಳುತ್ತದೆ. ಕೆಲವು ಜಾಗದಲ್ಲಿ ಬೆಳಕು ಜೋರು, ಪಕ್ಕದಲ್ಲೇ ಸೊನ್ನೆ. ಫೈಬರ್ ಒಳಗೆ ಒಂದು ಜೋರಿನಿಂದ ಮುಂದಿನ ಜೋರಿಗೆ ಸುಮಾರು 370 ನ್ಯಾನೋಮೀಟರ್ ದೂರ. 12 ಮೀಟರ್‌ನಲ್ಲಿ ಇಂಥವು ಮೂರು ಕೋಟಿಗೂ ಜಾಸ್ತಿ. ಬೆಳಕು ಜೋರಿದ್ದ ಕಡೆ ಇಟರ್ಬಿಯಮ್ ಅಯಾನುಗಳು ತಮ್ಮ ಶಕ್ತಿ ಬಿಟ್ಟುಕೊಟ್ಟು ಖಾಲಿಯಾಗುತ್ತವೆ. ಸೊನ್ನೆ ಇದ್ದ ಕಡೆ ಶಕ್ತಿ ಹಾಗೇ ಉಳಿಯುತ್ತದೆ.

ಹಿರಿಯೂರು, ಚಳ್ಳಕೆರೆ ಕಡೆ ಕುರಿ ಮೇಯಿಸುವುದನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಹಿಂಡು ಒಂದು ಕಡೆ ಮೇಯ್ದು ಬೋಳು ಮಾಡಿದರೆ ಪಕ್ಕದ ಹಸಿರಿಗೆ ಸರಿಯುತ್ತದೆ. ಬೋಳಾದ ಕಡೆ ಮತ್ತೆ ಚಿಗುರಲು ಹೊತ್ತು ಬೇಕು. ಇಲ್ಲಿ ಆ ಹೊತ್ತು ಸುಮಾರು 1 ಮಿಲಿಸೆಕೆಂಡ್, ಇಟರ್ಬಿಯಮ್ ಅಯಾನು ಮೇಲಿನ ಮಟ್ಟದಲ್ಲಿ ನಿಲ್ಲುವ ಕಾಲ. ಪಲ್ಸ್‌ಗಳ ನಡುವಿನ ಅಂತರ 25 ಮೈಕ್ರೋಸೆಕೆಂಡ್ ಮಾತ್ರ. ಅಂದರೆ ಮುಂದಿನ ಪಲ್ಸ್ ಹುಟ್ಟುವ ಹೊತ್ತಿಗೆ ಹಿಂದಿನದ್ದರ ಗುರುತು ಇನ್ನೂ ಮಾಸಿರುವುದಿಲ್ಲ. ಹಾಗಾಗಿ ಅದು ಅದೇ ತರಂಗಾಂತರದಲ್ಲಿ ಹುಟ್ಟದೆ ಪಕ್ಕದ್ದಕ್ಕೆ ಹೋಗುತ್ತದೆ. ಎರಡು ಕನ್ನಡಿಗಳ ನಡುವೆ ಸರಿಯಾಗಿ ಕೂರುವ ಒಂದೊಂದು ಅಲೆಗೆ ಮೋಡ್ ಅನ್ನುತ್ತಾರೆ. ಪಕ್ಕದ ಮೋಡ್ ಅಂದರೆ ಅದೇ 12 ಮೀಟರ್‌ನಲ್ಲಿ ಅರ್ಧ ಅಲೆ ಜಾಸ್ತಿ ಅಥವಾ ಕಡಿಮೆ ಕೂರುವುದು. ಕನ್ನಡಿಗಳ ಹತ್ತಿರ ಎರಡೂ ಹೊಂದಿಕೊಂಡೇ ಇರುತ್ತವೆ. ಕ್ಯಾವಿಟಿಯ ನಡುವಿಗೆ ಬಂದರೆ ಒಂದರ ಜೋರು ಇನ್ನೊಂದರ ಸೊನ್ನೆಯ ಮೇಲೆ ಬೀಳುತ್ತದೆ. ಉಳಿದ ಶಕ್ತಿ ಇರುವುದೂ ಅಲ್ಲೇ.

ಈಗ ಲೆಕ್ಕ. ಪಕ್ಕಪಕ್ಕದ ಮೋಡ್‌ಗಳ ಅಂತರ ಎಷ್ಟು? ಬೆಳಕಿನ ವೇಗವನ್ನು ಫೈಬರ್‌ನ ವಕ್ರೀಭವನ ಸೂಚ್ಯಂಕ 1.45ರಿಂದಲೂ ಉದ್ದದ ಎರಡರಷ್ಟರಿಂದಲೂ ಭಾಗಿಸಿದರೆ 8.6 ಮೆಗಾಹರ್ಟ್ಸ್. ತರಂಗಾಂತರದಲ್ಲಿ ಹೇಳಿದರೆ 0.033 ಪಿಕೋಮೀಟರ್. ಒಂದು ಪಲ್ಸ್‌ಗೆ ಒಂದು ಮೋಡ್ ಸರಿದರೆ, ಸೆಕೆಂಡಿಗೆ 40,000 ಪಲ್ಸ್‌ಗೆ 1.3 ನ್ಯಾನೋಮೀಟರ್. ಗ್ರಾಫ್ ಹಾಳೆಯಲ್ಲಿ ಅಳೆದದ್ದು 6 ಸೆಕೆಂಡಿಗೆ 8 ನ್ಯಾನೋಮೀಟರ್, ಅಂದರೆ ಸೆಕೆಂಡಿಗೆ 1.3 ಚಿಲ್ಲರೆ. ಸ್ಕೋಪ್ ಒಂದು ಕಡೆ, ಸಿ.ಡಿ. ತುಂಡು ಒಂದು ಕಡೆ, ಎರಡೂ ಒಂದೇ ಉತ್ತರ ಕೊಟ್ಟವು. ಅಕ್ಕನ ಮಗ ಖುಷಿಗೆ ಟೇಬಲ್ ಗುದ್ದಿದ, ಅಲೈನ್‌ಮೆಂಟ್ ಹೋಯಿತು. ಮತ್ತೆ ಕೆಂಪು ಪೆನ್ ಹಿಡಿದು ಕೂತೆವು.

ಎಲ್ಲ ಲೇಸರ್‌ನಲ್ಲೂ ಪಲ್ಸ್‌ಗೆ ಒಂದೇ ಮೋಡ್ ಸರಿಯಬೇಕೆಂದಿಲ್ಲ, ಕೆಲವದರಲ್ಲಿ ಒಂದಕ್ಕಿಂತ ಜಾಸ್ತಿಯೂ ಸರಿಯುತ್ತದೆ. ನಮ್ಮದರಲ್ಲಿ ಲೆಕ್ಕ ಒಂದಕ್ಕೆ ಕೂತಿತು.

ಇದು ಹೊಸ ವಿಷಯವೂ ಅಲ್ಲ. 1960ರಲ್ಲಿ ಮೈಮನ್ ಮೊದಲ ರೂಬಿ ಲೇಸರ್ ಉರಿಸಿದ ಮೇಲೆ, ಅದರ ಬೆಳಕು ಚುಚ್ಚು ಚುಚ್ಚಾಗಿ ಬರುವುದನ್ನು ಎಲ್ಲರೂ ಕಂಡರು. ನಿಂತ ಅಲೆ ಶಕ್ತಿಯಲ್ಲಿ ಗುಂಡಿ ತೋಡುವುದರಿಂದ ಹಲವು ಮೋಡ್‌ಗಳು ಏಳುತ್ತವೆ ಅಂತ ಟ್ಯಾಂಗ್, ಸ್ಟಾಟ್ಜ್, ಡಿಮಾರ್ಸ್ 1963ರಲ್ಲಿ ವಿವರಿಸಿದ್ದರು. ಇಟರ್ಬಿಯಮ್ ಫೈಬರ್‌ನಲ್ಲಿ ಇಷ್ಟು ಅಗಲಕ್ಕೆ ತಾನೇ ಓಡುವ ಲೇಸರ್‌ಗಳ ವರದಿ ಬಂದದ್ದು 2011ರಲ್ಲಿ. ಅದರಲ್ಲಿ ರಷ್ಯಾದ ನೊವೊಸಿಬಿರ್ಸ್ಕ್‌ನ ಗುಂಪಿನ ಕೆಲಸ ಮುಖ್ಯವಾದದ್ದು. ಆಮೇಲೆ ಎರ್ಬಿಯಮ್, ಥೂಲಿಯಮ್, ಹೋಲ್ಮಿಯಮ್ ಫೈಬರ್‌ಗಳಲ್ಲೂ ಕಂಡಿದೆ. ಮೋಟಾರಿಲ್ಲದೆ ತರಂಗಾಂತರ ಓಡುವುದರಿಂದ ಸೆನ್ಸರ್ ಓದಲು, ಸ್ಪೆಕ್ಟ್ರಮ್ ತೆಗೆಯಲು ಇದು ಅಗ್ಗದ ದಾರಿ. ನನ್ನ ಟೇಬಲ್ ಮೇಲೆ ದೋಷ ಅನಿಸಿಕೊಂಡದ್ದನ್ನು ಅಲ್ಲಿ ಬೇಕಂತಲೇ ಕಟ್ಟುತ್ತಾರೆ.

ಉದ್ದ ಮಾಡಿ ನೋಡಿದ್ದು

ಒಂದು ಲೆಕ್ಕ ಕೂತರೆ ಅದೃಷ್ಟ ಇರಬಹುದು. ಆದ್ದರಿಂದ ಉದ್ದ ಬದಲಿಸಿದೆವು. ಬರೀ ಫೈಬರ್ ಇನ್ನೂ 12 ಮೀಟರ್ ಸೇರಿಸಿ ಒಟ್ಟು 24 ಮಾಡಿದೆವು. ಮೋಡ್‌ಗಳ ಅಂತರ ಅರ್ಧ ಆಗಬೇಕು. ಬೆಳಕು ಒಳಗೆ ಉಳಿಯುವ ಹೊತ್ತು ಎರಡರಷ್ಟಾಗುವುದರಿಂದ ಪಲ್ಸ್‌ನ ತಾಳವೂ ನಿಧಾನವಾಗಬೇಕು, ಎರಡರ ವರ್ಗಮೂಲದಷ್ಟು. ಎರಡೂ ಸೇರಿದರೆ ಚುಕ್ಕೆಯ ಓಟ ಸುಮಾರು 2.8 ಪಟ್ಟು ನಿಧಾನ. ಸೆಕೆಂಡಿಗೆ ಅರ್ಧ ನ್ಯಾನೋಮೀಟರ್ ಒಳಗೆ ಬರಬೇಕಿತ್ತು.

ಕಂಡದ್ದು ಅರ್ಧದ ಆಸುಪಾಸು. ಎರಡು ಸ್ಪ್ಲೈಸ್ ಜಾಸ್ತಿಯಾಗಿ ಬೆಳಕು ಸ್ವಲ್ಪ ಸೋರಿತು, ಪಂಪ್ ಚೂರು ಏರಿಸಬೇಕಾಯಿತು, ಹಾಗಾಗಿ ಇದಕ್ಕಿಂತ ನಿಖರ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಕಣ್ಣಿಗೆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಮೊದಲು ಓಡುತ್ತಿದ್ದ ಚುಕ್ಕೆ ಈಗ ತೆವಳುತ್ತಿತ್ತು. ಹೊರಗಿಂದ ಮಂಡಕ್ಕಿ, ಮೆಣಸಿನಕಾಯಿ ತರಿಸಿ, ಚುಕ್ಕೆ ಒಂದು ಚೌಕ ದಾಟುವಷ್ಟರಲ್ಲಿ ಎಷ್ಟು ತುತ್ತು ಅಂತ ಹುಡುಗ ಎಣಿಸಿದ. ಅದನ್ನು ನೋಟ್‌ಬುಕ್‌ನಲ್ಲಿ ಬರೆದಿಲ್ಲ.

ನಿಲ್ಲಿಸುವುದು ಹೇಗೆ

ನನಗೆ ಬೇಕಾದದ್ದು ಸ್ಥಿರ ಲೇಸರ್ ತಾನೇ. ಉದ್ದವನ್ನು ಮತ್ತೆ 12ಕ್ಕೆ ಇಳಿಸಿ, ಚಿನ್ನದ ಕನ್ನಡಿ ತೆಗೆದು, ಡಬ್ಬಿಯಲ್ಲಿದ್ದ 1064 ನ್ಯಾನೋಮೀಟರ್‌ನ ಬ್ರ್ಯಾಗ್ ಗ್ರೇಟಿಂಗ್ ಅನ್ನು ಸ್ಪ್ಲೈಸ್ ಮಾಡಿಸಿದೆ. ಅದು ತನ್ನ ಕಿರಿದಾದ ಪಟ್ಟಿಯೊಳಗಿನ ಬೆಳಕನ್ನು ಮಾತ್ರ ವಾಪಸ್ ಕಳಿಸುತ್ತದೆ. ಹಾಕಿದ ಕೂಡಲೇ ಚುಕ್ಕೆ ಒಂದೇ ಚೌಕದಲ್ಲಿ ನಿಂತಿತು. ಸ್ಕೋಪ್‌ನಲ್ಲಿ ಪಲ್ಸ್ ಹೋಗಿ ಸಣ್ಣ ಅಲುಗಾಟ ಉಳಿಯಿತು, ಪಂಪ್ ತೀರಾ ಕಡಿಮೆ ಮಾಡಿದರೆ ಮಾತ್ರ ಮತ್ತೆ ಏಳುತ್ತದೆ. ಇನ್ನೊಂದು ದಾರಿ ಫೈಬರ್ ಅನ್ನು ಉಂಗುರ ಮಾಡಿ, ಐಸೊಲೇಟರ್ ಹಾಕಿ ಬೆಳಕು ಒಂದೇ ದಿಕ್ಕಿಗೆ ಹೋಗುವ ಹಾಗೆ ಮಾಡುವುದು. ಎದುರುಬದುರು ಬೆಳಕಿಲ್ಲದಿದ್ದರೆ ನಿಂತ ಅಲೆಯೂ ಇಲ್ಲ, ಬೋಳಾಗುವ ಸಾಲೂ ಇಲ್ಲ. ನನ್ನ ಐಸೊಲೇಟರ್ ಸುಟ್ಟಿತ್ತಲ್ಲ, ಹಾಗಾಗಿ ಅದನ್ನು ಮಾಡಿಲ್ಲ.

ರಿಪೇರಿ ಮಾಡುವವರಿಗೆ ಒಂದು ವಿಷಯ ಹೇಳಲೇಬೇಕು. ಫೈಬರ್ ಲೇಸರ್‌ನಲ್ಲಿ ಪಲ್ಸ್ ಕಂಡರೆಲ್ಲ ಇದೇ ಅಂತ ಅಂದುಕೊಳ್ಳಬೇಡಿ. ಇಲ್ಲಿ ಪಲ್ಸ್ ಒಂದೇ ಎತ್ತರ, ಒಂದೇ ಅಂತರ, ಮೈಕ್ರೋಸೆಕೆಂಡ್ ಅಗಲ. ಅಲ್ಲೊಂದು ಇಲ್ಲೊಂದು ಎದ್ದು ಬರುವ, ನ್ಯಾನೋಸೆಕೆಂಡ್ ಅಗಲದ ಎತ್ತರದ ಚುಚ್ಚು ಕಂಡರೆ ಕೂಡಲೇ ಪಂಪ್ ಆಫ್ ಮಾಡಿ. ಅದು ಬ್ರಿಲ್ವಾನ್ ಚದುರಿಕೆಯದ್ದಿರಬಹುದು. ಬೆಳಕೇ ಗಾಜಿನಲ್ಲಿ ಶಬ್ದದ ಅಲೆ ಎಬ್ಬಿಸಿ, ಅದಕ್ಕೆ ಬಡಿದು ಹಿಂದಕ್ಕೆ ಬರುವುದು. 1064 ನ್ಯಾನೋಮೀಟರ್‌ನಲ್ಲಿ ಹಾಗೆ ಹಿಂದಕ್ಕೆ ಬಂದ ಬೆಳಕಿನ ಆವರ್ತನ 16 ಗಿಗಾಹರ್ಟ್ಸ್‌ನಷ್ಟು ತಗ್ಗಿರುತ್ತದೆ. ಅಂಥ ಚುಚ್ಚಿನಲ್ಲಿ ಶಕ್ತಿ ಒಟ್ಟಾಗಿ ಬರುವುದರಿಂದ ಫೈಬರ್ ಮುಖ ಸಿಡಿಯುತ್ತದೆ, ಕಂಬೈನರ್ ಮೂಲಕ ಪಂಪ್ ಡಯೋಡೂ ಹೋಗಬಹುದು. ಹಿತ್ತಾಳೆ, ತಾಮ್ರದಂಥ ಹೊಳೆಯುವ ಲೋಹ ಮಾರ್ಕ್ ಮಾಡುವಾಗ ಬೆಳಕು ನೇರ ವಾಪಸ್ ಬಂದರೂ ಅಪಾಯವೇ. ಬಿಪಿಡಬ್ಲ್ಯು34ಗೆ ನ್ಯಾನೋಸೆಕೆಂಡ್ ಚುಚ್ಚಿನ ನಿಜವಾದ ಎತ್ತರ ಕಾಣುವುದಿಲ್ಲ, 1 ಕಿಲೋ ಓಮ್ ಬದಲು 50 ಓಮ್ ಹಾಕಿದರೆ ಸ್ವಲ್ಪ ಮೇಲು.

ಸದ್ಯ ಟೇಬಲ್ ಮೇಲೆ ಇರುವುದು ಗ್ರೇಟಿಂಗ್ ಹಾಕಿದ ಸ್ಥಿರ ಲೇಸರ್, ಕೆಲಸಕ್ಕೆ ಅದೇ. ಚಿನ್ನದ ಕನ್ನಡಿ, ಲೆನ್ಸ್ ಮೌಂಟ್ ಸಮೇತ ಪಕ್ಕಕ್ಕಿದೆ. ಬಿಚ್ಚಬೇಡಿ ಅಂತ ಹುಡುಗ ಹೇಳಿ ಹೋಗಿದ್ದಾನೆ. ಕೆಲವು ಲೇಸರ್‌ಗಳಲ್ಲಿ ಚುಕ್ಕೆ ಉಲ್ಟಾ, ಗಿಡ್ಡ ತರಂಗದ ಕಡೆಗೂ ಓಡುತ್ತದಂತೆ, ಪಂಪ್ ಬದಲಿಸಿದರೆ ದಿಕ್ಕು ತಿರುಗುವುದೂ ಉಂಟು. ರಜಕ್ಕೆ ಬಂದಾಗ ಅವನು ಹುಡುಕಬೇಕೆಂದಿರುವುದು ಅದನ್ನೇ. ಅಷ್ಟರೊಳಗೆ ಇನ್ನೊಂದು ಓರೆ ಕ್ಲೀವ್ ಮಾಡಿಡಬೇಕು, ಹಳೆಯದರ ಮುಖಕ್ಕೆ ಧೂಳು ಹತ್ತಿದೆ.